ಮಾತಾಡಿಸಿಕೊಂಡು ಬರೋದು: ಐಸಿಯು ಭೇಟಿಯ ಐದು ನಿಮಿಷ ಮತ್ತು ನಮ್ಮ ಗಡಿ ಕನ್ನಡ

(ವಿಭಾಗದ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಆಡಿದ ಮಾತಿನ ಲಿಖಿತ ರೂಪ. ಪುನರುಕ್ತಿಗಳನ್ನು ತೆಗೆದಿದ್ದೇನೆ, ಮಾತಿನ ಧಾಟಿಯನ್ನು ಬಹುಮಟ್ಟಿಗೆ ಹಾಗೇ ಬಿಟ್ಟಿದ್ದೇನೆ.)

ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂತ ಚಾಟ್‌ನಲ್ಲಿ ಹಾಕಿದ್ದೀರಿ, ಹಾಗಾಗಿ ಶುರು ಮಾಡ್ತೀನಿ. ನನಗೆ ಕೊಟ್ಟ ವಿಷಯ ‘ಗಡಿ ಕನ್ನಡದ ಸಮಕಾಲೀನ ಬಳಕೆ’. ಸಂತೆ, ಶಾಲೆ, ಭಜನೆ, ಮದುವೆ ಹಾಡು, ಇವುಗಳ ಬಗ್ಗೆ ಹಿಂದಿನ ವಾರ ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾನು ಆಯ್ದುಕೊಂಡಿರೋದು ಆಸ್ಪತ್ರೆಯ ತೀವ್ರ ನಿಗಾ ಘಟಕ, ಅಂದ್ರೆ ಐಸಿಯು. ಇದು ಸಾಹಿತ್ಯ ವಿಭಾಗಕ್ಕೆ ಹೊಂದೋ ವಿಷಯವಾ ಅಂತ ನನ್ನ ಗೆಳತಿಯೊಬ್ಬಳು ಕೇಳಿದಳು. ಹೊಂದುತ್ತೆ ಅನ್ನೋದೇ ನನ್ನ ವಾದ.

ಒಂದು ಕ್ರಿಯಾಪದದಿಂದ ಹೊರಡೋಣ. ಜಡ್ಡಾಗಿ ಮಲಗಿದವರನ್ನ ನೋಡೋಕೆ ಹೋಗೋದಕ್ಕೆ ಕನ್ನಡದಲ್ಲಿ ಏನಂತೀವಿ? ‘ನೋಡಿಕೊಂಡು ಬರ್ತೀವಿ’ ಅಂತೀವಿ, ನಿಜ. ಆದ್ರೆ ಅದಕ್ಕಿಂತ ಹೆಚ್ಚಾಗಿ ‘ಮಾತಾಡಿಸಿಕೊಂಡು ಬರ್ತೀವಿ’ ಅಂತೀವಿ. ಮಾತಾಡು ಅನ್ನೋದಕ್ಕೆ ಇಸು ಪ್ರತ್ಯಯ ಹತ್ತಿದ ಪ್ರೇರಣಾರ್ಥಕ ರೂಪ ಅದು. ನಾವು ಹೋಗಿ ಮಾತಾಡೋದಷ್ಟೇ ಅಲ್ಲ, ಮಲಗಿದವರ ಬಾಯಿಂದ ಮಾತು ಹೊರಡಿಸೋದು. ಅವರು ‘ಈಗ ಪರವಾಗಿಲ್ಲ’ ಅಂದ್ರೆ ನಮ್ಮ ಕೆಲಸ ಮುಗೀತು, ಹಣ್ಣಿನ ಚೀಲ ಅಲ್ಲಿಟ್ಟು ಎದ್ದು ಬರ್ತೀವಿ. ತೆಲುಗಿನಲ್ಲೂ ಹೀಗೇ ಇದೆ ಅನ್ನೋದು ಆಸ್ಪತ್ರೆಯಲ್ಲಿ ಕೂತಾಗ ನನ್ನ ಕಿವಿಗೆ ಬಿತ್ತು. ಅವರು ‘ಪಲಕರಿಂಚಡಾನಿಕಿ’ ಹೋಗ್ತಾರೆ. ಪಲುಕು ಅಂದ್ರೆ ನುಡಿ, ಪಲಕರಿಂಚು ಅಂದ್ರೆ ಮಾತಾಡಿಸು. ಎರಡೂ ಭಾಷೆಯ ಜನ ರೋಗಿಯ ಹತ್ತಿರ ಹೋಗೋದು ಮಾತಿಗಾಗಿ.

ಈ ಕ್ರಿಯಾಪದ ಐಸಿಯು ಬಾಗಿಲಲ್ಲಿ ನಿಂತುಬಿಡುತ್ತೆ. ಗಂಟಲೊಳಗೆ ಕೊಳವೆ ಇಳಿಸಿದವರು ಮಾತಾಡೋಕಾಗಲ್ಲ, ಕೊಳವೆ ಧ್ವನಿಪೆಟ್ಟಿಗೆಯನ್ನ ದಾಟಿಕೊಂಡೇ ಹೋಗಿರುತ್ತೆ. ಆದ್ರೆ ಅದೇ ಐಸಿಯುದಲ್ಲಿ ರೋಗಿಯ ಸ್ಥಿತಿ ಅಳೆಯೋ ಮುಖ್ಯ ಸಾಧನಗಳಲ್ಲೊಂದು ಮಾತು. ನರ್ಸು ಮತ್ತು ಡಾಕ್ಟರು ಗಂಟೆಗಂಟೆಗೆ ಮಾಡೋದು ಒಂದು ರೀತಿಯಲ್ಲಿ ಮಾತಾಡಿಸಿ ನೋಡೋದೇ. ಯಾವ ಭಾಷೆಯಲ್ಲಿ ಮಾತಾಡಿಸ್ತಾರೆ ಅನ್ನೋದು ನನ್ನ ಇವತ್ತಿನ ಪ್ರಶ್ನೆ.

ಮೊದಲು ಊರು. ಸಿರ್ಗಾಪುರ ಈಗ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ, ನಾರಾಯಣಖೇಡದ ಹತ್ತಿರ. ನಾವು ಬರೀ ‘ಖೇಡ’ ಅಂತೀವಿ. ನಿಜಾಮರ ಹೈದರಾಬಾದ್ ಸಂಸ್ಥಾನದ ಕಾಲದಿಂದ 1956ರ ತನಕ ನಾರಾಯಣಖೇಡ ತಾಲೂಕು ಬೀದರ ಜಿಲ್ಲೆಯದ್ದು, ತಾಂಡೂರು ಗುಲ್ಬರ್ಗಾ ಜಿಲ್ಲೆಯದ್ದು. ರಾಜ್ಯ ಪುನರ್ವಿಂಗಡಣಾ ಕಾಯ್ದೆ ಜಾರಿಯಾದ 1956ರ ನವೆಂಬರ್ 1ರಂದು ಖೇಡ ಪೂರ್ತಿಯಾಗಿ, ಜಹೀರಾಬಾದ್ ನಿರ್ಣಾ ಹೋಬಳಿಯನ್ನ ಬಿಟ್ಟು, ತಾಂಡೂರು ಮತ್ತು ಕೊಡಂಗಲ್, ಎಲ್ಲ ಆಂಧ್ರಪ್ರದೇಶಕ್ಕೆ ಹೋದವು. 2014ರಿಂದ ತೆಲಂಗಾಣ. ನಮ್ಮಲ್ಲಿ ಒಂದೇ ಓಣಿಯಲ್ಲಿ ಕನ್ನಡ, ತೆಲುಗು, ಮರಾಠಿ, ಉರ್ದು, ಲಂಬಾಣಿ ಇವೆ. ಆಯಿ, ಅಂದ್ರೆ ನನ್ನ ಅಪ್ಪನ ತಾಯಿ, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ದರ್ಜಿ ಹತ್ತಿರ ಉರ್ದು. ಯಾವುದೂ ಓದಿ ಕಲಿತದ್ದಲ್ಲ.

2024ರ ಜೂನ್ ಮೂರನೇ ವಾರ ಆಯಿಗೆ ನ್ಯುಮೋನಿಯಾ ಆಗಿ ದಮ್ಮು ಹತ್ತಿತು. ಖೇಡದ ದವಾಖಾನೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡು, ಆಕ್ಸಿಜನ್ ಸಾಲೋದಿಲ್ಲ ಅಂತ ಮುಂದಕ್ಕೆ ಬರೆದುಕೊಟ್ಟರು. ಖೇಡದಿಂದ ಬೀದರ ಹತ್ತಿರ, ಹೈದರಾಬಾದ್ ದೂರ. ಬೀದರಿನಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯೇ ಇದೆ, ಅಲ್ಲಿ ಆಯಿಯ ಮಾತು ಎಲ್ಲರಿಗೂ ತಿಳಿಯುತ್ತೆ. ಆದ್ರೆ ನಮ್ಮ ಕೈಯಲ್ಲಿದ್ದದ್ದು ಆರೋಗ್ಯಶ್ರೀ ಕಾರ್ಡು, ತೆಲಂಗಾಣ ಸರ್ಕಾರದ್ದು. 2023ರ ಡಿಸೆಂಬರಿನಲ್ಲಿ ಅದರ ಮಿತಿ 5 ಲಕ್ಷದಿಂದ 10 ಲಕ್ಷಕ್ಕೆ ಏರಿತ್ತು, ಅಪ್ಪ ಅದನ್ನೇ ನಂಬಿದ್ದರು. ಕಾರ್ಡು ಯಾವ ಕಡೆಯೋ ಆಂಬುಲೆನ್ಸೂ ಆ ಕಡೆ. ನಾನು ಕಲಬುರಗಿಯಿಂದ ಬಸ್ಸು ಹಿಡಿದು ಹೈದರಾಬಾದ್ ಮುಟ್ಟೋ ಹೊತ್ತಿಗೆ ಆಯಿಯನ್ನ ವೆಂಟಿಲೇಟರಿಗೆ ಹಾಕಿಯಾಗಿತ್ತು. ಆಸ್ಪತ್ರೆಯ ಹೆಸರು ಬೇಡ. ನಾನು ಹೇಳಲಿರೋದು ಆ ಒಂದು ಆಸ್ಪತ್ರೆಯ ಮಾತಲ್ಲ.

ಭೇಟಿಯ ನಿಯಮ ನಿಮಗೆಲ್ಲ ಗೊತ್ತಿರುತ್ತೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಸಲಕ್ಕೆ ಒಬ್ಬರು, ಐದು ನಿಮಿಷ. ಒಂದೇ ಪಾಸು. ಚಪ್ಪಲಿ ಹೊರಗೆ, ಮಾಸ್ಕು, ಮೇಲೊಂದು ಗೌನು, ಕೈಗೆ ಸ್ಯಾನಿಟೈಸರ್. ಹೊರಗಿನ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಕೂತ ಹತ್ತಾರು ಕುಟುಂಬ, ಒಂದು ಪ್ಲಗ್ಗಿಗೆ ನಾಲ್ಕು ಚಾರ್ಜರು. ‘ಬೆಡ್ ನಂಬರ್ 9, ಅಟೆಂಡರ್’ ಅಂತ ಮೈಕಿನಲ್ಲಿ ಕೂಗಿದ್ರೆ ಎದೆ ಧಸಕ್ಕನೆ ಆಗೋದು. ಔಷಧಿ ಚೀಟಿಗೆ ಕರೆದ್ರಾ, ಬೇರೆ ಏನಾದ್ರೂ ಹೇಳೋಕಾ, ಗೊತ್ತಾಗಲ್ಲ.

ಎರಡನೇ ದಿನ ಊರಿಂದ ಜೀಪಿನಲ್ಲಿ ಹನ್ನೊಂದು ಜನ ಬಂದಿಳಿದರು. ನಮ್ಮ ಕಡೆ ಇದು ಕರ್ತವ್ಯ, ಹೋಗದಿದ್ರೆ ನಾಳೆ ಮಾತು ಬರುತ್ತೆ. ಪಾಸು ಒಂದು. ಯಾರು ಒಳಗೆ ಹೋಗಬೇಕು ಅನ್ನೋದಕ್ಕೆ ಕಾಕಾ ಮತ್ತು ಅತ್ತಿ ನಡುವೆ ಸಣ್ಣ ಜಗಳವೇ ಆಯಿತು. ಕೊನೆಗೆ ಊರಿನ ಹಿರಿಯರೊಬ್ಬರು ಒಳಗೆ ಹೋಗಿ ಎರಡೇ ನಿಮಿಷದಲ್ಲಿ ಹೊರಬಂದು ‘ಏನ್ ಮಾತಾಡ್ಸಲಿ, ಬಾಯಾಗ ನಳಿಗಿ ಅದ’ ಅಂದರು. ಮತ್ತೇನೂ ಹೇಳದೆ ಜೀಪು ಹತ್ತಿದರು. ನಾನು ಮೊದಲು ಹೇಳಿದ ಕ್ರಿಯಾಪದ ನಿಂತುಹೋದದ್ದು ಅಲ್ಲಿ.

ಇಲ್ಲೊಂದು ಸಣ್ಣ ಪದವಿಚಾರ. ಪತ್ರಿಕೆಗಳು ಐಸಿಯು ಅನ್ನೋದಕ್ಕೆ ‘ತೀವ್ರ ನಿಗಾ ಘಟಕ’ ಅಂತ ಬರೀತವೆ. ತೀವ್ರ, ಘಟಕ ಸಂಸ್ಕೃತದವು. ನಡುವಿನ ನಿಗಾ ಪಾರಸಿಯ ‘ನಿಗಾಹ್’, ಉರ್ದುವಿನ ಮೂಲಕ ಬಂದದ್ದು. ಅರ್ಥ ನೋಟ, ದೃಷ್ಟಿ. ಪದ ಚೆನ್ನಾಗೇ ಕೂತಿದೆ, ಯಾಕಂದ್ರೆ ಆ ಖೋಲಿಯಲ್ಲಿ ಎಲ್ಲವೂ ನೋಟ. ಪರದೆಯ ಮೇಲೆ ನಾಡಿ, ರಕ್ತದೊತ್ತಡ, ಆಕ್ಸಿಜನ್. ನಾವು ಹೋದವರೂ ಆಯಿಯ ಮುಖ ಬಿಟ್ಟು ಪರದೆ ನೋಡ್ತಿದ್ವಿ. 88 ಇದ್ದದ್ದು 91 ಆದ್ರೆ ಹೊರಗೆ ಬಂದು ಸಂತೋಷದ ಸುದ್ದಿ ಹೇಳ್ತಿದ್ವಿ. ಆಯಿ ಮಾತ್ರ ಆ ಜಾಗವನ್ನ ಮುಂದೆ ಮನೆಗೆ ಬಂದಮೇಲೆ ‘ಕಾಜಿನ ಖೋಲಿ’ ಅಂದಳು.

ನಾಲ್ಕನೇ ದಿನ ಕೊಳವೆ ತೆಗೆದರು. ಸಂಜೆಯ ಪಾಸಿನಲ್ಲಿ ಅಪ್ಪ ಹೋಗಿ ಬಂದವರು ಮಂಕಾಗಿದ್ದರು. ಡಾಕ್ಟರು ಹೇಳಿದ್ದಿಷ್ಟು: ಉಸಿರು ಪರವಾಗಿಲ್ಲ, ಆದ್ರೆ ಕೇಳಿದ್ದಕ್ಕೆ ಸಂಬಂಧವಿಲ್ಲದ ಮಾತಾಡ್ತಿದ್ದಾರೆ, ಆಕ್ಸಿಜನ್ ಕಡಿಮೆಯಾದಾಗ ಮೆದುಳಿಗೆ ಪೆಟ್ಟಾಗಿರಬಹುದು, ನಾಳೆ ತಲೆಯ ಸಿ.ಟಿ. ಸ್ಕ್ಯಾನ್ ಮಾಡಬೇಕಾಗಬಹುದು. ಏನು ಕೇಳಿದ್ರು, ಆಯಿ ಏನಂದಳು ಅಂತ ಅಪ್ಪನಿಗೆ ಕೇಳಿದೆ. ಅಪ್ಪ ಅದನ್ನ ಕೇಳಿರಲಿಲ್ಲ. ಡಾಕ್ಟರು ಹೇಳಿದಮೇಲೆ ಮುಗೀತಲ್ಲ.

ಮರುದಿನ ಬೆಳಿಗ್ಗೆ ಪಾಸು ನನ್ನ ಕೈಗೆ ಬಂತು. ಆಯಿಯ ಬೆಡ್ಡಿನ ನರ್ಸು ನನ್ನ ವಯಸ್ಸಿನವಳೇ, ಖಮ್ಮಂ ಕಡೆಯ ತೆಲುಗಿನವಳು. ಏನು ಕೇಳಿದ್ರಿ ಅಂತ ಕೇಳಿದೆ. ಅವಳು ಬೇಸರ ಪಟ್ಟುಕೊಳ್ಳದೆ, ನನ್ನ ಮುಂದೆಯೇ ಇನ್ನೊಂದು ಸಲ ಆಯಿಗೆ ಕೇಳಿ ತೋರಿಸಿದಳು:

‘ಅವ್ವಾ, ಇದಿ ಏ ನೆಲ?’

ಆಯಿ ಗೊಗ್ಗರು ದನಿಯಲ್ಲಿ ಅಂದದ್ದು: ‘ಫರ್ಸಿ.’

ನರ್ಸು ನನ್ನ ಕಡೆ ನೋಡಿದಳು, ನೋಡಿದ್ರಾ ಅನ್ನೋ ಹಾಗೆ. ನನಗೆ ನಗು ಬಂತು, ಅಳು ಬಂತು, ಯಾವುದು ಮೊದಲು ಅಂತ ನೆನಪಿಲ್ಲ. ತೆಲುಗಿನಲ್ಲಿ ‘ನೆಲ’ ಅಂದ್ರೆ ತಿಂಗಳು. ಕನ್ನಡದಲ್ಲಿ ನೆಲ ಅಂದ್ರೆ ನೆಲವೇ. ಇದು ಯಾವ ತಿಂಗಳು ಅಂತ ಅವಳು ಕೇಳಿದ್ರೆ, ಇದು ಎಂಥ ನೆಲ ಅಂತ ಆಯಿಗೆ ಕೇಳಿಸಿದೆ. ನಮ್ಮ ಕಡೆ ಮನೆಗಳಿಗೆ ಹಾಸೋದು ತಾಂಡೂರಿನ ಕಲ್ಲು, ಅದಕ್ಕೆ ಫರ್ಸಿ ಅಂತೀವಿ. ಕೇಳಿದ ಪ್ರಶ್ನೆಗೆ ತಿಳಿದ ಮಟ್ಟಿಗೆ ಸರಿಯಾದ ಉತ್ತರ ಕೊಟ್ಟಿದ್ದಾಳೆ. ಆಸ್ಪತ್ರೆಗೆ ಹಾಸಿದ್ದು ಫರ್ಸಿ ಅಲ್ಲ ಅನ್ನೋದು ಬೇರೆ ಮಾತು, ಮಲಗಿದಲ್ಲಿಂದ ಆಕೆಗೆ ನೆಲ ಕಾಣಲ್ಲ.

ಸಂತೆಯ ತೆಲುಗು ಬರೋ ಆಯಿಗೆ ತೆಲುಗಿನ ‘ನೆಲ’ ಗೊತ್ತಿಲ್ಲವೇ? ಗೊತ್ತು. ಬಡ್ಡಿ ಲೆಕ್ಕ ನೆಲದ ಮೇಲೇ ನಡೆಯೋದು. ಆದ್ರೆ ಜ್ವರ, ನಿದ್ದೆಗೆಟ್ಟ ನಾಲ್ಕು ರಾತ್ರಿ, ಮಂಪರಿನ ಔಷಧಿ ಇಷ್ಟಾದಮೇಲೆ ಮನಸ್ಸು ಆತುಕೊಳ್ಳೋದು ಮೊದಲು ಕಲಿತ ಮಾತಿಗೆ ಅಂತ ನನಗನಿಸುತ್ತೆ. ಸಂತೆಯಲ್ಲಿ ಆಕೆಗಿದ್ದ ಮೂರು ಭಾಷೆಗಳಲ್ಲಿ ಆ ಹಾಸಿಗೆಯ ಮೇಲೆ ಉಳಿದದ್ದು ಒಂದು.

ನಾನು ಬಗ್ಗಿ ಕೇಳಿದೆ: ‘ಆಯೀ, ಈಗ ಯಾವ ತಿಂಗಳ ನಡದದ?’

ಆಯಿ ಉತ್ತರ ಹೇಳಲಿಲ್ಲ. ತಿರುಗಿ ನನಗೇ ಕೇಳಿದಳು: ‘ಕಾರ ಹುಣ್ಣಿವಿ ಆಯ್ತೇನು? ಎತ್ತಿಗಿ ಬಣ್ಣ ಹಚ್ಚಿದ್ರಾ?’

ಇದನ್ನ ಸ್ವಲ್ಪ ನಿಂತು ನೋಡಬೇಕು. ಕಾರ ಹುಣ್ಣಿಮೆ ಜ್ಯೇಷ್ಠ ಮಾಸದ ಹುಣ್ಣಿಮೆ. ಆ ವರ್ಷ ಅದು ಬಂದದ್ದು ಆಯಿ ವೆಂಟಿಲೇಟರ್ ಮೇಲಿದ್ದಾಗಲೇ. ತಾನು ಮನೆಯಿಂದ ಹೊರಟಾಗ ಹುಣ್ಣಿಮೆ ಹತ್ತಿರವಿತ್ತು ಅನ್ನೋದು ಆಕೆಗೆ ನೆನಪಿದೆ. ನಡುವೆ ಕೆಲವು ದಿನ ಕಳೆದುಹೋಗಿವೆ, ಎಷ್ಟು ಅಂತ ಗೊತ್ತಿಲ್ಲ ಅನ್ನೋದೂ ತಿಳಿದಿದೆ. ‘ಜೂನ್’ ಅಂದಿದ್ರೆ ಪೂರ್ತಿ ಅಂಕ ಸಿಗುತ್ತಿತ್ತು. ಆದ್ರೆ ಜೂನ್ ಅನ್ನೋದಕ್ಕಿಂತ ಈ ಪ್ರಶ್ನೆ ಎಷ್ಟೋ ನಿಖರ. ನರ್ಸಿಗೆ ಹೇಗೆ ತಿಳಿಸೋದು ಅಂತ ಯೋಚಿಸಿ, ಕಾರ ಹುಣ್ಣಿವಿ ಅಂದ್ರೆ ನಿಮ್ಮ ಏರುವಾಕ ಪುನ್ನಮಿ ಅಂದೆ. ಎರಡೂ ಒಂದೇ ದಿನ. ರೈತರ ಮನೆಯ ಹುಡುಗಿ, ಅವಳಿಗೆ ತಕ್ಷಣ ಅರ್ಥವಾಯಿತು. ಡಾಕ್ಟರನ್ನ ಕರೆದಳು. ಡಾಕ್ಟರು ನನ್ನ ಮೂಲಕ ಇನ್ನು ನಾಲ್ಕು ಪ್ರಶ್ನೆ ಕೇಳಿಸಿ, ಚಾರ್ಟಿನಲ್ಲಿ ಅಂಕ ತಿದ್ದಿ, ಸ್ಕ್ಯಾನ್ ಸದ್ಯಕ್ಕೆ ಬೇಡ, ನೋಡೋಣ ಅಂದರು. ಆ ಹೊತ್ತಿಗೆ ನನ್ನ ಐದು ನಿಮಿಷ ಇಪ್ಪತ್ತಾಗಿತ್ತು, ಯಾರೂ ಹೊರಗೆ ಹೋಗು ಅನ್ನಲಿಲ್ಲ.

ಆ ಅಂಕ ಯಾವುದು ಅಂತ ಈಗ ಹೇಳ್ತೀನಿ. ಗ್ಲಾಸ್ಗೋ ಕೋಮಾ ಸ್ಕೇಲ್. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ಅನ್ನೋ ವೈದ್ಯರು 1974ರಲ್ಲಿ ಪ್ರಕಟಿಸಿದ್ದು. ಕಣ್ಣಿಗೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15. ಏನೂ ಪ್ರತಿಕ್ರಿಯೆ ಇಲ್ಲದಿದ್ರೂ ಪ್ರತಿಯೊಂದಕ್ಕೆ 1 ಇರೋದರಿಂದ ಕನಿಷ್ಠ 3. ಮಾತಿನ ಐದು ಮೆಟ್ಟಿಲು ನಮ್ಮಂಥವರಿಗೆ ಬಹಳ ಕುತೂಹಲದ್ದು. ತಾನು ಯಾರು, ಎಲ್ಲಿದ್ದೇನೆ, ಯಾವ ತಿಂಗಳು ಅಂತ ಸರಿಯಾಗಿ ಹೇಳಿದ್ರೆ 5. ವಾಕ್ಯ ಮಾಡ್ತಾರೆ, ಆದ್ರೆ ಗೊಂದಲ ಇದೆ ಅಂದ್ರೆ 4. ಸಂದರ್ಭಕ್ಕೆ ಹೊಂದದ ಬಿಡಿಪದ ಬಂದ್ರೆ 3. ಪದವಾಗದ ಬರೀ ದನಿಗೆ 2. ಏನೂ ಇಲ್ಲದಿದ್ರೆ 1. ವಾಕ್ಯ, ಪದ, ಧ್ವನಿ, ಮೌನ. ನಾವು ವ್ಯಾಕರಣದಲ್ಲಿ ಕೆಳಗಿನಿಂದ ಮೇಲಕ್ಕೆ ಹತ್ತೋ ಮೆಟ್ಟಿಲನ್ನೇ ಅವರು ಮೇಲಿನಿಂದ ಕೆಳಕ್ಕೆ ಇಳೀತಾರೆ. ‘ಫರ್ಸಿ’ ಅನ್ನೋ ಒಂದು ಪದಕ್ಕೆ ಆಯಿಗೆ ಸಿಕ್ಕಿದ್ದು 3.

ಸ್ಕೇಲನ್ನ ಬೈಯೋದು ಸುಲಭ, ಆದ್ರೆ ನ್ಯಾಯವಲ್ಲ. ಅದನ್ನ ಮಾಡಿದವರಿಗೆ ಈ ತೊಡಕು ಗೊತ್ತಿತ್ತು. ಸ್ಕೇಲಿಗೆ 40 ವರ್ಷ ತುಂಬಿದಾಗ, 2014ರಲ್ಲಿ, ಬಳಸೋ ಕ್ರಮವನ್ನ ಪರಿಷ್ಕರಿಸಿದರು. ಅಂಕ ಕೊಡೋದಕ್ಕಿಂತ ಮೊದಲು ಸಂವಹನಕ್ಕೆ ಅಡ್ಡಿಯಾಗೋದು ಏನಾದ್ರೂ ಇದೆಯಾ ನೋಡಿ ಅನ್ನೋದು ಅದರ ಮೊದಲ ಹೆಜ್ಜೆ. ಗಂಟಲಿನ ಕೊಳವೆ, ಕಿವುಡು, ಭಾಷೆ ತಿಳಿಯದಿರೋದು ಎಲ್ಲ ಅಡ್ಡಿಗಳೇ. ಅಡ್ಡಿ ಇದ್ರೆ ಅಂಕ ಕೊಡಬೇಡಿ, ಪರೀಕ್ಷಿಸಲಾಗದು ಅಂತ ಬರೀರಿ ಅಂತ ಅದೇ ಕ್ರಮ ಹೇಳುತ್ತೆ. ಕೊಳವೆ ಎಲ್ಲರಿಗೂ ಕಾಣುತ್ತೆ. ಭಾಷೆಯ ಅಡ್ಡಿ ಕಾಣಲ್ಲ, ನಮ್ಮ ಗಡಿಯವರದ್ದಂತೂ ಇನ್ನೂ ಕಾಣಲ್ಲ. ಒಡಿಶಾದಿಂದಲೋ ಬಂಗಾಳದಿಂದಲೋ ಬಂದ ರೋಗಿಯಾಗಿದ್ರೆ ನರ್ಸು ಮೊದಲೇ ಭಾಷೆ ಬರುತ್ತಾ ಅಂತ ವಿಚಾರಿಸುತ್ತಿದ್ದಳು. ಸಂಗಾರೆಡ್ಡಿ ಜಿಲ್ಲೆ ಅಂತ ಬರೆದ ಕಾರ್ಡು ಹಿಡಿದು ಬಂದ ಮುದುಕಿಗೆ ತೆಲುಗು ಬರುತ್ತೆ ಅಂತಲೇ ಯಾರಾದ್ರೂ ತಿಳೀತಾರೆ. ಅವಳದ್ದು ತಪ್ಪಲ್ಲ. ಆಯಿಯ ಮಾತೂ ತೆಲುಗಿನಂತೆಯೇ ಕೇಳಿಸುತ್ತೆ. ಅರ್ಧ ಪದ ಒಂದೇ, ಕಾಲು ಕಾಲೇ, ಊರು ಊರೇ. ಪೂರಾ ಬೇರೆಯಾಗಿದ್ರೆ ಅನುಮಾನ ಬರ್ತಿತ್ತು.

ಆಮೇಲೆ ನಾನು ಇಂಥ ಪದಗಳಿಗೆ ಕಿವಿಗೊಡೋಕೆ ಶುರು ಮಾಡಿದೆ. ರಾತ್ರಿ ಪಾಳಿಯಲ್ಲಿ ಹೈದರಾಬಾದಿನ ಉರ್ದು ಮಾತಾಡೋ ಇನ್ನೊಬ್ಬ ನರ್ಸು ಇದ್ದಳು. ಹೇಗಿದ್ದೀರಿ ಅಂದ್ರೆ ಆಯಿ ‘ಚಲೋ, ಚಲೋ’ ಅನ್ನೋಳಂತೆ. ನಮ್ಮಲ್ಲಿ ಚಲೋ ಅಂದ್ರೆ ಚೆನ್ನಾಗಿದೆ. ಅವಳಿಗೆ ಅದು ‘ನಡೀರಿ ಹೋಗೋಣ’. ಮುದುಕಿ ಮನೆಗೆ ಹೋಗ್ತೀನಿ ಅಂತ ಹಟ ಮಾಡ್ತಾಳೆ ಅಂತ ಬೆಳಿಗ್ಗೆಯ ಪಾಳಿಗೆ ಹೇಳಿ ಹೋಗಿದ್ದಳು. ಇನ್ನೊಂದು, ‘ಉರಿ’. ಮೂತ್ರದ ನಳಿಕೆ ಇದ್ದ ಕಡೆ ಆಯಿಗೆ ಉರಿ, ‘ಉರಿ ಆಗ್ಲತ್ತದ’ ಅಂತಿದ್ದಳು. ತೆಲುಗಿನಲ್ಲಿ ಉರಿ ಅಂದ್ರೆ ನೇಣು. ಅವ್ವ ಯಾಕೋ ಉರಿ ಉರಿ ಅಂತಾರೆ, ಮನೆಯಲ್ಲಿ ಏನಾದ್ರೂ ಆಗಿದೆಯಾ ಅಂತ ಖಮ್ಮಂ ಹುಡುಗಿ ನನ್ನನ್ನ ಪಕ್ಕಕ್ಕೆ ಕರೆದು ಕೇಳಿದಳು.

ಪೂರ್ತಿ ಸತ್ಯ ಹೇಳಬೇಕಂದ್ರೆ, ಎಲ್ಲವೂ ಭಾಷೆಯ ಎಡವಟ್ಟಲ್ಲ. ಎರಡು ರಾತ್ರಿ ಆಯಿಗೆ ನಿಜವಾಗಿಯೂ ಭ್ರಮೆ ಇತ್ತು. ಮಂಚದ ಕೆಳಗೆ ಎಮ್ಮೆ ಮಲಗಿದೆ ಅಂದಳು, ಕನ್ನಡದಲ್ಲೇ ಅಂದಳು, ನನಗೇ ಅಂದಳು. ನಳಿಕೆ ಕೀಳ್ತಾಳೆ ಅಂತ ಕೈಗೆ ಬಟ್ಟೆ ಕಟ್ಟಿದ್ದರು. ಇದಕ್ಕೆ ವೈದ್ಯರು ಡೆಲಿರಿಯಂ ಅಂತಾರೆ, ಐಸಿಯು ರೋಗಿಗಳಲ್ಲಿ ಇದು ಸಾಮಾನ್ಯ. ಅದನ್ನ ಗುರುತಿಸೋಕೆ 2001ರಲ್ಲಿ ಅಮೆರಿಕದಲ್ಲಿ ವೆಸ್ಲಿ ಈಲಿ ಮತ್ತು ಸಂಗಡಿಗರು ರೂಪಿಸಿದ ಪರೀಕ್ಷೆಯೊಂದಿದೆ, ಮಾತು ಬಾರದ ರೋಗಿಗೂ ಆಗುವಂಥದ್ದು. ಇಂಗ್ಲಿಷ್ ಅಕ್ಷರಗಳನ್ನ ಒಂದೊಂದಾಗಿ ಹೇಳ್ತಾರೆ, ‘ಎ’ ಬಂದಾಗ ರೋಗಿ ಕೈ ಹಿಚುಕಬೇಕು. ಹೌದು ಅಲ್ಲ ಅನ್ನೋ ಪ್ರಶ್ನೆಗಳೂ ಇವೆ. ಕಲ್ಲು ನೀರಿನ ಮೇಲೆ ತೇಲುತ್ತಾ ಅನ್ನೋದು ಅದರಲ್ಲೊಂದು. ಆಯಿ ಮನೆಗೆ ಬಂದು ಪೂರ್ತಿ ಚೇತರಿಸಿಕೊಂಡಮೇಲೆ ಈ ಪ್ರಶ್ನೆ ಕೇಳಿದೆ. ‘ರಾಮದೇವ್ರ ಕಲ್ಲಾ, ನಮ್ಮ ಹೊಲದ ಕಲ್ಲಾ?’ ಅಂದಳು. ಎಷ್ಟು ಅಂಕ ಕೊಡಬೇಕು ಹೇಳಿ.

ಅಂತೂ ಭ್ರಮೆ ಯಾವುದು, ಭಾಷೆ ಯಾವುದು ಅಂತ ಬೇರ್ಪಡಿಸೋಕೆ ಆಯಿಯ ಮಾತು ತಿಳಿದ ಒಬ್ಬರು ಆ ಹಾಸಿಗೆಯ ಹತ್ತಿರ ಬೇಕು. ಎಮ್ಮೆ ಭ್ರಮೆ, ಫರ್ಸಿ ಭ್ರಮೆಯಲ್ಲ. ದಿನಕ್ಕೆ ಹತ್ತು ನಿಮಿಷದಲ್ಲಿ ಅದನ್ನ ಮಾಡೋಕಾಗಲ್ಲ, ಹಾಗಾಗಿ ನಾನೊಂದು ಕಾರ್ಡು ಬರೆದೆ. ಹಾಳೆಯ ಎಡಕ್ಕೆ ಕನ್ನಡ ಪದ, ಬಲಕ್ಕೆ ತೆಲುಗು ಅರ್ಥ. ಕನ್ನಡ ಪದವನ್ನೂ ತೆಲುಗು ಲಿಪಿಯಲ್ಲೇ ಬರೆದೆ. ಎರಡೂ ಲಿಪಿ ಒಂದೇ ಹಳೆಯ ಲಿಪಿಯಿಂದ ಬಂದವು, ತಲೆಕಟ್ಟು ತಿದ್ದಿಕೊಂಡ್ರೆ ಅರ್ಧ ಕೆಲಸ ಆದಂತೆ. ಶಾಸನಶಾಸ್ತ್ರದ ಪೇಪರಿಗೆ ಓದಿದ್ದು ಹೀಗೆ ಕೆಲಸಕ್ಕೆ ಬರುತ್ತೆ ಅಂತ ಅಂದುಕೊಂಡಿರಲಿಲ್ಲ.

ಬರೆದ ಮೊದಲ ಪ್ರತಿಯನ್ನ ಅತ್ತಿಗೆ ಓದಿ ಹೇಳಿದೆ. ಅತ್ತಿ ಶಾಲೆ ಕಂಡವಳಲ್ಲ. ‘ನೋವು’ ಅಂದದ್ದಕ್ಕೆ ‘ಯಾರಂತಾರ ಹಂಗ? ಬ್ಯಾನಿ ಅಂತ ಬರಿ’ ಅಂದಳು. ‘ಉಸಿರಾಟದ ತೊಂದರೆ’ ಹೊಡೆದುಹಾಕಿಸಿ ‘ದಮ್ಮ ಹತ್ತದ’ ಬರೆಸಿದಳು. ಚಳಿ ಹೋಗಿ ಥಂಡಿ ಬಂತು. ಮೂತ್ರ, ಮಲ ಅಂತ ನಾನು ಸಭ್ಯವಾಗಿ ಬರೆದದ್ದು ‘ಒಂದಕ್ಕ’, ‘ಎರಡಕ್ಕ’ ಆಯಿತು. ‘ಮಗ್ಗಲ ಬದಲಿ ಮಾಡು’ ಅನ್ನೋದು ನನಗೆ ಹೊಳೆದೇ ಇರಲಿಲ್ಲ, ಮಲಗಿದವರಿಗೆ ಅದೇ ಎಲ್ಲಕ್ಕಿಂತ ಮುಖ್ಯ ಅಂತ ಅತ್ತಿ ಮೊದಲ ಸಾಲಿಗೆ ಹಾಕಿಸಿದಳು. ಕೊನೆಗೆ ಇಪ್ಪತ್ತೆರಡು ಸಾಲಾಯಿತು. ನಾನು ಐದು ವರ್ಷ ಕನ್ನಡ ಓದಿದವಳು. ಬರೆದ ಮೊದಲ ಪ್ರತಿಯಲ್ಲಿ ಆಯಿಯ ಕನ್ನಡ ಹೆಚ್ಚುಕಡಿಮೆ ಇರಲೇ ಇಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ಕನ್ನಡದ ನರ್ಸೇ ಇದ್ದಿದ್ರೂ ‘ಬ್ಯಾನಿ’ಗೆ ಆಕೆ ಏನು ತಿಳಿಯುತ್ತಿದ್ದಳೋ. ಭಾಷಾನೀತಿಯ ಚರ್ಚೆಯಲ್ಲಿ ನಾವು ‘ಕನ್ನಡದಲ್ಲಿ ಸೇವೆ’ ಅಂತ ಕೇಳ್ತೀವಲ್ಲ, ಯಾವ ಕನ್ನಡ ಅಂತಲೂ ಕೇಳಬೇಕಾಗುತ್ತೆ.

ಕಾರ್ಡನ್ನ ನರ್ಸು ಮಂಚದ ತಲೆಕಡೆ ಪ್ಲಾಸ್ಟರಿನಿಂದ ಅಂಟಿಸಿದಳು. ಇಷ್ಟೇ ನಡೆದದ್ದು.

ಇನ್ನು ಭೇಟಿಯ ಸಮಯದ ಪ್ರಶ್ನೆ. ಐಸಿಯುದಲ್ಲಿ ರೋಗಿ ಒಬ್ಬರೇ ಇರಬೇಕು ಅನ್ನೋದು ಮೊದಲಿಂದ ಬಂದ ನಿಯಮ ಅಂತ ನಾನು ತಿಳಿದಿದ್ದೆ. ಇತಿಹಾಸ ಓದಿದ್ರೆ ಉಲ್ಟಾ ಇದೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿತು. ಉಸಿರಾಟದ ಸ್ನಾಯುಗಳೇ ಸೋತ ರೋಗಿಗಳು ಬ್ಲೆಗ್ಡಾಮ್ ಆಸ್ಪತ್ರೆಗೆ ಬಂದು ಬೀಳ್ತಿದ್ದರು, ಯಂತ್ರಗಳು ಬೆರಳೆಣಿಕೆ. ಯಂತ್ರಕ್ಕೆ ಹಾಕಿದ ಮೊದಲ 31 ಜನರಲ್ಲಿ 27 ಜನ ತೀರಿಕೊಂಡರು. ಅರಿವಳಿಕೆ ತಜ್ಞ ಬ್ಯೋರ್ನ್ ಇಪ್ಸೆನ್ ಅನ್ನೋರು ಗಂಟಲಿಗೆ ರಂಧ್ರ ಮಾಡಿ ಕೊಳವೆ ಇಟ್ಟು, ರಬ್ಬರ್ ಚೀಲವನ್ನ ಕೈಯಿಂದ ಒತ್ತಿ ಗಾಳಿ ಕೊಡಿ ಅಂದರು. ಒತ್ತೋರು ಯಾರು? ವಿದ್ಯಾರ್ಥಿಗಳು. ಸುಮಾರು 1,500 ಮಂದಿ ಪಾಳಿಯಲ್ಲಿ ಕೂತು, ಹಗಲು ರಾತ್ರಿ, ತಿಂಗಳುಗಟ್ಟಲೆ ಚೀಲ ಒತ್ತಿದರು. ಸಾವು ಕ್ರಮೇಣ ಕಾಲು ಭಾಗದ ಆಸುಪಾಸಿಗೆ ಇಳಿಯಿತು. 1953ರ ಡಿಸೆಂಬರಿನಲ್ಲಿ ಅದೇ ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ಇಪ್ಸೆನ್ ಶುರು ಮಾಡಿದ್ದನ್ನೇ ಜಗತ್ತಿನ ಮೊದಲ ಐಸಿಯು ಅಂತಾರೆ. ರೋಗಿಗಳಲ್ಲಿ ಮಕ್ಕಳು ಬಹಳ. ವಿದ್ಯಾರ್ಥಿಗಳು ಚೀಲ ಒತ್ತುತ್ತಾ ಅವರಿಗೆ ಪುಸ್ತಕ ಓದಿ ಹೇಳುತ್ತಿದ್ದರು. ಅಂದ್ರೆ ಐಸಿಯು ಹುಟ್ಟಿದ್ದೇ ಪ್ರತಿ ಹಾಸಿಗೆಯ ಪಕ್ಕ ಒಂದು ಕುರ್ಚಿ ಮತ್ತು ಅದರಲ್ಲಿ ನಮ್ಮ ವಯಸ್ಸಿನ, ರೋಗಿಯ ಭಾಷೆ ಬರೋ ಒಬ್ಬರ ಜೊತೆ. ಕೈಯ ಜಾಗಕ್ಕೆ ಯಂತ್ರ ಬಂದಾಗ ಆ ಕುರ್ಚಿಯ ಅಗತ್ಯವೂ ಮುಗೀತು.

ಹಾಗಾದ್ರೆ ಮನೆಯವರನ್ನ ದಿನವಿಡೀ ಒಳಗೆ ಬಿಟ್ರೆ ಎಲ್ಲ ಸರಿಹೋಗುತ್ತಾ? ನನಗೆ ಹೌದು ಅನ್ನೋ ಆಸೆ ಇತ್ತು. ಆದ್ರೆ ಬ್ರೆಜಿಲ್‌ನ 36 ಐಸಿಯುಗಳಲ್ಲಿ ಇದನ್ನೇ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ದಿನಕ್ಕೆ 12 ಗಂಟೆಯ ತನಕ ಭೇಟಿಗೆ ಬಿಟ್ಟಾಗಲೂ ರೋಗಿಗಳ ಡೆಲಿರಿಯಂ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಮನೆಯವರ ಆತಂಕ ಮಾತ್ರ ಕಡಿಮೆಯಾಯಿತು. ಸೋಂಕೂ ಹೆಚ್ಚಲಿಲ್ಲ. ನನ್ನ ವಾದಕ್ಕೆ ಇದು ಪೂರ್ತಿ ಅನುಕೂಲವಲ್ಲ, ಆದ್ರೂ ಮರೆಮಾಚೋ ಹಾಗಿಲ್ಲ. ಆದ್ರೆ ಗಮನಿಸಿ, ಆ ಅಧ್ಯಯನ ರೋಗಿಗೂ ನರ್ಸಿಗೂ ಭಾಷೆ ಬೇರೆಯಾದ ಸಂದರ್ಭಕ್ಕಾಗಿ ಮಾಡಿದ್ದಲ್ಲ. ನಾನು ಕೇಳ್ತಿರೋದು ಭ್ರಮೆ ಕಡಿಮೆಯಾಗುತ್ತಾ ಅಂತಲ್ಲ, ಭ್ರಮೆ ಅಲ್ಲದ್ದನ್ನ ಭ್ರಮೆ ಅಂತ ಬರೆಯೋದು ತಪ್ಪುತ್ತಾ ಅಂತ. ಅದಕ್ಕೆ 12 ಗಂಟೆ ಬೇಡ. ಅಂಕ ಹಾಕೋ ಆ ಒಂದು ಹೊತ್ತಿನಲ್ಲಿ ಮನೆಯವರೊಬ್ಬರು ಪಕ್ಕದಲ್ಲಿದ್ರೆ ಸಾಕು. ಮನೆಯಲ್ಲಿ ಯಾವ ಮಾತು ಅಂತ ಭರ್ತಿ ಫಾರಂನಲ್ಲಿ ಒಂದು ಸಾಲು ಕೇಳಿದ್ರೂ ಆದೀತು. ವಯಸ್ಸು, ಆಧಾರ್, ಬಿ.ಪಿ., ಶುಗರ್ ಎಲ್ಲ ಕೇಳಿದ್ರು, ಅದೊಂದು ಕೇಳಲಿಲ್ಲ.

ನನ್ನ ಸಮಯ ಮುಗೀತು ಅಂತ ಮೇಡಂ ಸನ್ನೆ ಮಾಡ್ತಿದ್ದಾರೆ.

ಸಂವಾದದಿಂದ

ಹಿರಿಯ ಅಧ್ಯಾಪಕರೊಬ್ಬರ ಪ್ರಶ್ನೆ, ಒಬ್ಬರ ಮನೆಯ ಅನುಭವದಿಂದ ಇಷ್ಟು ದೊಡ್ಡ ಮಾತು ಹೇಳಬಹುದೇ ಅನ್ನೋದು. ಹೇಳಬಾರದು ಸರ್. ಇದು ಒಂದು ಹಾಸಿಗೆಯ ಕಥೆ. ಜಹೀರಾಬಾದ್, ಖೇಡ, ತಾಂಡೂರಿನ ಕನ್ನಡ ಮನೆಗಳಲ್ಲಿ ಆಸ್ಪತ್ರೆಗೆ ಹೋಗಿಬಂದವರನ್ನ ಮಾತಾಡಿಸಿ ಇಂಥ ಪದಗಳನ್ನ ಸಂಗ್ರಹಿಸಬೇಕು ಅನ್ನೋದು ನನ್ನ ಮುಂದಿನ ಯೋಜನೆ. ನಿಘಂಟು ಅನ್ನೋಷ್ಟು ದೊಡ್ಡದಲ್ಲ, ಆ ಕಾರ್ಡಿನ ಉದ್ದದ ರೂಪ.

ಇನ್ನೊಬ್ಬರು, ಆಯಿಗೆ ಆ ದಿನಗಳು ಹೇಗೆ ನೆನಪಿವೆ ಅಂತ ಕೇಳಿದ್ದಾರೆ. ಹನ್ನೊಂದನೇ ದಿನ ವಾರ್ಡಿಗೆ, ಆಮೇಲೆ ಮನೆಗೆ ಬಂದಳು. ಈಗ ಚಲೋ ಅದಾಳ, ನಮ್ಮ ಅರ್ಥದ ಚಲೋ. ನಾವು ಬಂದದ್ದು ಒಂದೂ ನೆನಪಿಲ್ಲ. ಅಪ್ಪ ದಿನಾ ಸಂಜೆ ನಿಂತದ್ದು, ನಾನು ಬಗ್ಗಿ ಕಾರ ಹುಣ್ಣಿವಿ ಮಾತಾಡಿದ್ದು, ಏನೂ ಇಲ್ಲ. ನೀವ್ಯಾರೂ ಬರಲೇ ಇಲ್ಲ ಅಂತ ಮೊದಮೊದಲು ಕಾಕಾನ ಮೇಲೆ ಸಿಟ್ಟು ಮಾಡ್ತಿದ್ದಳು. ಒಬ್ಬ ಹುಡುಗಿ ಮಾತ್ರ ನೆನಪಿದ್ದಾಳೆ. ರಾತ್ರಿ ಬಂದು ‘ಬ್ಯಾನಿ ಅದೇನ್ ಆಯೀ, ಮಗ್ಗಲ ಬದಲಿ ಮಾಡ್ಲಾ’ ಅಂತ ಕೇಳ್ತಿದ್ದಳಂತೆ. ಯಾರ ಮಗಳೋ ಏನೋ, ನಮ್ಮ ಖೇಡದ ಕಡೀದಾಕೀನೇ ಇರ್ಬೇಕು ಅಂತಾಳ ಆಯಿ. ಖಮ್ಮಂದವಳು ಅಂದ್ರೆ ನಂಬಲ್ಲ.